ಪಾಯ ತೋಡುವ ಮುಂಚೆ

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆ ಹತ್ತಿರ ನಮ್ಮ ಸೈಟಿದೆ. ಮನೆ ಕಟ್ಟಲು ನೆಲ ಸಮ ಮಾಡುವಾಗ ಹಳೇ ಇಟ್ಟಿಗೆ, ಮಡಕೆ ಚೂರು ಸಿಕ್ಕಿವೆ. ಪುರಾತತ್ವದವರಿಗೆ ಹೇಳಿದರೆ ಜಾಗ ಹೋಗುತ್ತದಾ?

ಉತ್ತರ: ಚೂರು ಸಿಕ್ಕಿದ ಮಾತ್ರಕ್ಕೆ ಜಾಗ ಹೋಗುವುದಿಲ್ಲ, ಹೆದರಬೇಡಿ. ಆದರೆ ಜೆಸಿಬಿ ಇವತ್ತೇ ನಿಲ್ಲಿಸಿ. ಮೊದಲು ಅಳತೆ ಮಾಡಿಸಿ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು.

ಪುರಾತತ್ವದವರು ಮಾಡುವ ಪರೀಕ್ಷೆ ಅಂದರೆ ಇಡೀ ಸೈಟ್ ಅಗೆಯುವುದಲ್ಲ. ಮೊದಲು ಸಾಲಾಗಿ ನಡೆದು ಚೂರು ಎಲ್ಲಿ ಜಾಸ್ತಿ ಬಿದ್ದಿದೆ ಅಂತ ನಕ್ಷೆಯಲ್ಲಿ ಗುರುತಿಸುತ್ತಾರೆ, ಆಮೇಲೆ ಅಲ್ಲಲ್ಲಿ ಸಣ್ಣ ಚೌಕದ ಗುಂಡಿ ತೋಡಿ, ಕರಣೆಯಲ್ಲಿ ಪದರ ಪದರವಾಗಿ ಮಣ್ಣು ಕೆರೆದು, ಜರಡಿ ಹಿಡಿದು ನೋಡುತ್ತಾರೆ. ಬೂದಿ ಪದರದ ಕೆಳಗೆ ಗಟ್ಟಿ ನೆಲಗಟ್ಟು ಬಂದರೆ ಅಲ್ಲಿ ಜನ ಬಾಳಿದ ಗುರುತು. ಮಡಕೆ ಚೂರಿನ ಜೊತೆ ಪ್ಲಾಸ್ಟಿಕ್ಕೂ ಬಂದರೆ ಆ ಮಣ್ಣು ಈಚೆಗೆ ಕದಡಿದ್ದು. ಅದಕ್ಕೇ ಸುಮ್ನೆ ಚೂರು ಆರಿಸಿ ಚೀಲಕ್ಕೆ ತುಂಬಬೇಡಿ. ಇದ್ದಲ್ಲೇ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ನಿಮ್ಮೂರಲ್ಲೇ ಜೋಡಿ ರೈಲು ಮಾರ್ಗಕ್ಕಾಗಿ 2017ರಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ ಇಡಿಯಾಗಿ ಸರಿಸಿದರು ಅಲ್ವಾ? ನಿಮಗೆ ಪಾಯದ ಗುರುತು ಸ್ವಲ್ಪ ಆಚೀಚೆ ಮಾಡಿದರೂ ಸಾಕಾಗಬಹುದು. ನಾಣ್ಯ, ಒಡವೆ ಸಿಕ್ಕರೆ ಮಾತ್ರ ತಡ ಮಾಡದೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಿ. ನಿಧಿ ಮುಚ್ಚಿಡುವುದು ಅಪರಾಧ.