ಹೆಂಡತಿಯ ಪೂರ್ವಿಕರು ಜರ್ಮನಿಯಿಂದ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದವರು. ಕುಟುಂಬ ಸಮ್ಮಿಲನಕ್ಕೆ ಲಾಂಛನ ಸಮೇತ ವಂಶಾವಳಿಯ ಪುಸ್ತಕ ಮಾಡಬೇಕು. ಯಾವ ಡಿಎನ್‌ಎ ಕಿಟ್ ಒಳ್ಳೆಯದು?

ಕಿಟ್ಟಿನ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ನಾನು ಶಿವಮೊಗ್ಗ ಕಡೆಯವಳು, ಮದುವೆಯಾಗಿದ್ದು ವಿಸ್ಕಾನ್ಸಿನ್ನಿನ ಡಾಡ್ಜ್ ಕೌಂಟಿಯ ಹುಡುಗನನ್ನು. ಮಾವನವರು ತೀರಿಕೊಂಡ ಮೇಲೆ ಅತ್ತೆಗೂ ಇದೇ ಆಸೆ ಹುಟ್ಟಿತು. ಆ ಮನೆತನ ಯಾವ ಊರಿಂದ ಬಂತು ಅಂತ ಗೊತ್ತಾಗಬೇಕು, ಬೇಸಿಗೆಯ ಸಮ್ಮಿಲನದಲ್ಲಿ ಎಲ್ಲರ ಕೈಗೂ ಒಂದು ಪುಸ್ತಕ ಕೊಡಬೇಕು. ಕಂಪ್ಯೂಟರ್ ಬಲ್ಲ ಸೊಸೆ ಅಂತ ಹೊಣೆ ನನ್ನ ಪಾಲಿಗೆ ಬಂತು.

ಮನೆಯವರ ಬಾಯಲ್ಲಿ ಉಳಿದಿದ್ದದ್ದು ಇಷ್ಟು: ಮಾವನವರ ಮುತ್ತಜ್ಜ ವಿಲ್ಹೆಲ್ಮ್, 1850ರ ದಶಕದಲ್ಲಿ ಹಡಗಿಳಿದವನು. ಅಮೆರಿಕದ ಜನಗಣತಿಯಲ್ಲಿ ಅವನು ಹುಟ್ಟಿದ್ದು ಎಲ್ಲಿ ಅಂದರೆ ಬರೀ 'ಪ್ರಷ್ಯಾ'. ಅದು ಆಗಿನ ದೊಡ್ಡ ಜರ್ಮನ್ ರಾಜ್ಯ, ಜರ್ಮನಿ ಒಂದು ದೇಶವಾದದ್ದೇ 1871ರಲ್ಲಿ. ಹ್ಯಾಂಬರ್ಗ್ ಬಂದರಿನಿಂದ ಹೊರಟವರ ಪಟ್ಟಿಗಳು 1850ರಿಂದ 1934ರವರೆಗಿನವು ಉಳಿದಿವೆ, ಮನೆಯಲ್ಲೇ ಕೂತು ನೋಡಬಹುದು. ನೋಡಿದೆ. ಅದೇ ಮನೆತನದ ಹೆಸರು, ವಿಲ್ಹೆಲ್ಮ್, ವಯಸ್ಸೂ ಹೊಂದುತ್ತದೆ, ಊರು ಪ್ರಷ್ಯಾದ ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಒಂದು ಹಳ್ಳಿ. ಸಿಕ್ಕಿಬಿಟ್ಟ ಅಂದುಕೊಂಡೆ. ಅತ್ತೆಯನ್ನು ಆ ಹಳ್ಳಿಗೆ ಕರೆದುಕೊಂಡು ಹೋದೆವು. ಆಕೆ ಚರ್ಚಿನ ಅಂಗಳದ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಮಾವನವರ ಸಮಾಧಿಗೆ ಹಾಕಿದರು. ಪುಸ್ತಕವೂ ಅಚ್ಚಾಗಿ ಹಂಚಿಕೆಯಾಯಿತು.

ಅದು ಬೇರೆ ಯಾರದೋ ಊರು.

ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಎಡವುತ್ತೀರಿ ಅನ್ನೋ ಭಯ ನನಗೆ. ಆ ಕಾಲದ ಜರ್ಮನ್ ಮನೆಗಳಲ್ಲಿ ದೀಕ್ಷಾಸ್ನಾನದ ದಿನ ಮಗುವಿಗೆ ಎರಡು ಮೂರು ಹೆಸರಿಡುತ್ತಿದ್ದರು. ಅಣ್ಣ ಯೋಹಾನ್ ಕಾರ್ಲ್, ತಮ್ಮ ಯೋಹಾನ್ ಫ್ರೀಡ್ರಿಕ್ ವಿಲ್ಹೆಲ್ಮ್. ಕರೆಯುವುದು ಹೆಚ್ಚಾಗಿ ಎರಡನೆಯದೋ ಮೂರನೆಯದೋ ಹೆಸರಿನಿಂದ. ನಮ್ಮಲ್ಲಿ ತೊಟ್ಟಿಲಲ್ಲಿಟ್ಟ ಹೆಸರು ಒಂದು, ಕರೆಯೋ ಹೆಸರು ಇನ್ನೊಂದು ಇದ್ದಹಾಗೆ. ನಮ್ಮ ವಿಲ್ಹೆಲ್ಮ್ ಅಮೆರಿಕದಲ್ಲಿ ಹಡಗಿಳಿದವರ ಪಟ್ಟಿಯಲ್ಲಿ ಬರೀ ಯೋಹಾನ್. ಹ್ಯಾಂಬರ್ಗಿನ ಪಟ್ಟಿಯಲ್ಲಿ ಅವನಿಲ್ಲವೇ ಇಲ್ಲ, ಅವನು ಹಡಗು ಹತ್ತಿದ್ದು ಇನ್ನೊಂದು ಬಂದರು ಬ್ರೆಮೆನ್‌ನಲ್ಲಿ. ಬ್ರೆಮೆನ್ನಿನ ಹಳೆಯ ಪಟ್ಟಿಗಳಲ್ಲಿ ಒಂದಷ್ಟನ್ನು ಇಡಲು ಜಾಗವಿಲ್ಲವೆಂದು ಅಲ್ಲಿಯವರೇ ನಾಶ ಮಾಡಿದರು, ಮಿಕ್ಕಿದ್ದರಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ಹೋಯಿತು. ಕಳೆದುಹೋದ ಪಟ್ಟಿಯಲ್ಲಿದ್ದವನನ್ನು ನಾನು ಉಳಿದ ಪಟ್ಟಿಯಲ್ಲಿ ಹುಡುಕಿದೆ, ಅದು ಯಾರನ್ನೋ ತೋರಿಸಿತು, ನಂಬಿದೆ. ಆ ಇನ್ನೊಬ್ಬ ವಿಲ್ಹೆಲ್ಮ್ ಮುಂದೆ ಮಿಸ್ಸೌರಿಯಲ್ಲಿ ಸಂಸಾರ ಹೂಡಿದ್ದು ಜನಗಣತಿಯಲ್ಲೇ ಇತ್ತು. ತಾಳೆ ನೋಡಲಿಲ್ಲ.

ನಿಜವಾದ ಊರು ಸಿಕ್ಕಿದ್ದು ಅತ್ತೆ ಪ್ರತಿ ಭಾನುವಾರ ಹೋಗುವ ಲೂಥರನ್ ಚರ್ಚಿನ ಹಳೆಯ ಸಾವಿನ ದಾಖಲೆಯಲ್ಲಿ. ಅದು ಕುರ್ರೆಂಟ್ ಅನ್ನೋ ಹಳೆಯ ಜರ್ಮನ್ ಕೈಬರಹ. ಇ ಮತ್ತು ಎನ್ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ತಲೆಯ ಮೇಲೆ ಬಾಗಿದ ಗೀಟಿದ್ದರೆ ಅದು ಯು. ಮೂರೂ ಹೆಸರು ಬರೆದು ಮೂರನೆಯದರ ಕೆಳಗೆ ಗೆರೆ ಎಳೆದಿದ್ದರು ಪಾದ್ರಿಗಳು. ಕರೆಯುವ ಹೆಸರು ಇದು ಅಂತ. ಪಕ್ಕದಲ್ಲಿ ಪ್ರಷ್ಯಾದ ಇನ್ನೊಂದು ಪ್ರಾಂತ್ಯವಾದ ಪೊಮೆರೇನಿಯಾದ ಗ್ರೈಫೆನ್‌ಬರ್ಗ್ ಜಿಲ್ಲೆಯ ಹಳ್ಳಿಯ ಹೆಸರು. ಇಂದು ಆ ಗ್ರೈಫೆನ್‌ಬರ್ಗ್ ಪೋಲೆಂಡಿನ ಗ್ರಿಫಿಟ್ಸೆ. ಪ್ರಷ್ಯಾದ ರಾಜ ಎರಡು ಪ್ರಾಟೆಸ್ಟಂಟ್ ಪಂಗಡಗಳನ್ನು ಸೇರಿಸಿ ಹೇರಿದ ಏಕೀಕೃತ ಚರ್ಚನ್ನು ಒಪ್ಪದ ಲೂಥರನ್ನರು 1839ರಲ್ಲಿ ವಿಸ್ಕಾನ್ಸಿನ್ನಿಗೆ ಬಂದು ಫ್ರೈಸ್ಟಾಟ್ ಅನ್ನೋ ಊರು ಕಟ್ಟಿದ್ದು ಆ ಸೀಮೆಯಿಂದಲೇ. ನಮ್ಮವನು ಅವರ ಹಿಂದೆ ಬಂದವನು. ಇದೆಲ್ಲ ತಿಳಿಯುವಷ್ಟರಲ್ಲಿ ಅತ್ತೆಗೆ ಇನ್ನೊಂದು ಸಲ ವಿಮಾನ ಹತ್ತುವ ಶಕ್ತಿ ಇರಲಿಲ್ಲ. ಅವರಿಗೆ ಅದನ್ನು ಹೇಳಿದ ದಿನ ನಾನು ಊಟ ಮಾಡಲಿಲ್ಲ.

ಹಾಗಾಗಿ ಜರ್ಮನಿಯಿಂದ ಶುರು ಮಾಡಬೇಡಿ. ಹೆಂಡತಿಯ ಮನೆಯವರ ಚರ್ಚಿನಿಂದ ಶುರು ಮಾಡಿ. ಅಣ್ಣತಮ್ಮ ಅಕ್ಕತಂಗಿಯರೆಲ್ಲರ ದೀಕ್ಷಾಸ್ನಾನ, ಮದುವೆ, ಸಾವಿನ ದಾಖಲೆ ನೋಡಿ, ಸಾಕ್ಷಿ ನಿಂತವರ ಹೆಸರೂ ಬರೆದುಕೊಳ್ಳಿ. ಅವರು ಬಹಳ ಸಲ ಒಂದೇ ಊರವರು. ಹಳ್ಳಿ ಸಿಕ್ಕ ಮೇಲೆ ಜರ್ಮನ್ ಊರುಗಳ ಪಟ್ಟಿಯಾದ 1912ರ ಮೇಯರ್ಸ್ ಸ್ಥಳಕೋಶ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ, ಯಾವ ಜಿಲ್ಲೆ ಅಂತ ಅದು ಹೇಳುತ್ತದೆ. ಇಡೀ ಜರ್ಮನಿಗೆ ಸರ್ಕಾರಿ ಜನನ ಮರಣ ನೋಂದಣಿ ಬಂದದ್ದು 1876ರಲ್ಲಿ, ಅದಕ್ಕೂ ಹಿಂದಿನದಕ್ಕೆ ಬಹುತೇಕ ಕಡೆ ಚರ್ಚಿನ ಪುಸ್ತಕವೇ ಗತಿ. ವಂಶಾವಳಿಯ ಪುಕ್ಕಟೆ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಮೊದಲು ಹುಡುಕಿ, ಅಲ್ಲಿಲ್ಲದಿದ್ದರೆ ಜರ್ಮನ್ ಪ್ರಾಟೆಸ್ಟಂಟ್ ಚರ್ಚಿನ ಪುಸ್ತಕಗಳನ್ನು ತೋರಿಸುವ ಜಾಲತಾಣ ಆರ್ಕಿಯಾನ್‌ಗೆ ದುಡ್ಡು ಕೊಡಿ. ಡಿಎನ್‌ಎ ದೂರದ ನೆಂಟರನ್ನು ತೋರಿಸುತ್ತದೆ, ಹಳ್ಳಿಯ ಹೆಸರು ಹೇಳುವುದಿಲ್ಲ. ಲಾಂಛನವಂತೂ ಬೇಡವೇ ಬೇಡ, ಅದು ಒಂದು ಕುಲಕ್ಕೆ ಸೇರಿದ್ದು, ಆ ಹೆಸರಿನವರಿಗೆಲ್ಲ ಅಲ್ಲ.

ಸಮ್ಮಿಲನದ ಹೊತ್ತಿಗೆ ಪುಸ್ತಕ ಮುಗಿಯಲೇಬೇಕು ಅನ್ನೋ ಹಟವನ್ನೂ ಬಿಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಜರ್ಮನ್ ಮಾತಾಡುವವರನ್ನು ಅನುಮಾನದಿಂದ ನೋಡುತ್ತಿದ್ದರು, ಎಷ್ಟೋ ಮನೆಗಳು ಆಗಲೇ ಭಾಷೆ ಬಿಟ್ಟವು. ಓದಲು ಬಾರದ ಕಾಗದ, ಪ್ರಾರ್ಥನೆ ಪುಸ್ತಕ ಅಟ್ಟದ ಮೇಲಿರುತ್ತವೆ. ಎಲ್ಲರಿಗೂ ಅವನ್ನು ತರಲು ಹೇಳಿ, ಹಿರಿಯರನ್ನು ಕೂರಿಸಿ ಫೋಟೋದಲ್ಲಿರುವವರು ಯಾರು ಅಂತ ಕೇಳಿ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಓದಲಾಗದ ಪುಟದ ಚಿತ್ರ ನನಗೆ ಕಳಿಸಿ, ಕುರ್ರೆಂಟ್ ಈಗ ತಕ್ಕಮಟ್ಟಿಗೆ ಓದುತ್ತೇನೆ.