ಹಳೇ ಎಂಎಂ 540 ಜೀಪಿಗೆ ಗುಜರಿಯಲ್ಲಿ ಸಿಕ್ಕ ಟರ್ಬೊ ಹಾಕಿಸಬಹುದೇ?

ನಮಸ್ಕಾರ. ನಿಮ್ಮ 1994ರ ಮಹೀಂದ್ರ ಎಂಎಂ 540 ಜೀಪಿಗೆ ಬೊಲೆರೊದಿಂದ ಬಿಚ್ಚಿದ ಹಳೇ ಟರ್ಬೊ (ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಸಿಕ್ಕಿದೆ, ಹಾಕಿಸಬಹುದೇ, ಎಂಜಿನ್ ತಡೆದೀತೇ ಎಂದು ಕೇಳಿದ್ದೀರಿ. ನಾನೂ ಇದೇ ಜೀಪಿಗೆ ಇದೇ ಕೆಲಸ ಮಾಡಿಸಿ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಆರು ವರ್ಷದಿಂದ ಓಡಿಸುತ್ತಿದ್ದೇನೆ. ಹಾಕಿಸಬಹುದು. ಆದರೆ ದುಡ್ಡು ಕೊಡುವ ಮುಂಚೆ ನಿಮ್ಮ ಎಂಜಿನ್ ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಿರಬೇಕು. ಟರ್ಬೊಗೆ ಆಯಿಲ್ ಹೇಗೆ ಹೋಗಿ ಹೇಗೆ ವಾಪಸ್ ಬರುತ್ತದೆ ಅನ್ನುವುದೂ ತಲೆಯಲ್ಲಿ ಸ್ಪಷ್ಟವಾಗಿರಬೇಕು. ಈ ಎರಡನೆಯದನ್ನು ಗಮನಿಸದೆ ನಾನು ಮೊದಲ ಟರ್ಬೊ ಕಳೆದುಕೊಂಡೆ.

ನಿಮ್ಮದು ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ ಎಕ್ಸ್‌ಡಿಪಿ 4.90, 2112 ಸಿಸಿ ಎಂಜಿನ್. ಇದರಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವುದಿಲ್ಲ, ಹೆಡ್ಡಿನಲ್ಲಿರುವ ಸಣ್ಣ ಚೇಂಬರಿನಲ್ಲಿ ಮೊದಲು ಹೊತ್ತಿಕೊಳ್ಳುತ್ತದೆ. ಕಂಪ್ರೆಶನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವುದು, 20ಕ್ಕೂ ಮೇಲೆ, ಹೆಡ್ಡಿಗೆ ಬೀಳುವ ಶಾಖವೂ ಜಾಸ್ತಿ. ಪ್ಯೂಜೊದವರೇ 1979ರಲ್ಲಿ ಇದೇ ವಂಶದ 2304 ಸಿಸಿ ಎಂಜಿನ್ನಿಗೆ ಟರ್ಬೊ ಕೂರಿಸಿ 604 ಕಾರಿನಲ್ಲಿ ಮಾರಿದ್ದರು. ಹಾಗಾಗಿ ಈ ವಿನ್ಯಾಸಕ್ಕೆ ಟರ್ಬೊ ಒಗ್ಗದೇ ಇರುವಂಥದ್ದಲ್ಲ. ಆದರೆ ಕಾರ್ಖಾನೆಯಲ್ಲಿ ಟರ್ಬೊಗೆಂದೇ ಕಟ್ಟಿದ ಎಂಜಿನ್ ಬೇರೆ, ಮೂವತ್ತು ವರ್ಷ ಗೊಬ್ಬರದ ಚೀಲ ಹೊತ್ತ ಎಂಜಿನ್ ಬೇರೆ.

ಆದ್ದರಿಂದ ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ನೋಡಿಸಿ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬುಸುಬುಸು ಅಂತ ಹೊಗೆ ಬರುತ್ತಿದ್ದರೆ, ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಶನ್ ಅನ್ನುತ್ತಾರಲ್ಲ, ಸವೆದ ರಿಂಗು ದಾಟಿ ಹೊಗೆ ಕೆಳಗೆ ನುಗ್ಗುವುದು, ಅದು ಇದ್ದರೆ, ಟರ್ಬೊದ ಯೋಚನೆ ಬಿಟ್ಟು ಆ ದುಡ್ಡಿನಲ್ಲಿ ರಿಂಗು, ಲೈನರ್ ಕೆಲಸ ಮಾಡಿಸಿ. ಅಷ್ಟರಿಂದಲೇ ಜೀಪು ಎಷ್ಟು ಚುರುಕಾಗುತ್ತದೆ ಅಂದರೆ ಟರ್ಬೊ ಬೇಕು ಅಂತಲೇ ಅನ್ನಿಸದಿರಬಹುದು.

ಈಗ ಟರ್ಬೊ. ಗಾಳಿ ಬಡಿಯುವ ಕಡೆಯ ಚಕ್ರವನ್ನು ಬೆರಳಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ಎಳೆಯಿರಿ, ಆಟ ಕೈಗೆ ಗೊತ್ತಾಗಲೇಬಾರದು. ಪಕ್ಕಕ್ಕೆ ಅಲ್ಲಾಡಿಸಿದರೆ ಒಂಚೂರು ಆಟ ಇರುತ್ತದೆ, ಅದು ಸಹಜ, ಆದರೆ ಚಕ್ರ ಹೌಸಿಂಗಿಗೆ ತಾಗಬಾರದು. ರೆಕ್ಕೆಗಳ ಅಂಚು ಸವೆದು ಮೊಂಡಾಗಿದ್ದರೆ ಧೂಳು ಕುಡಿದ ಟರ್ಬೊ ಅಂತ ಅರ್ಥ. ಸೈಲೆನ್ಸರ್ ಕಡೆ ವೇಸ್ಟ್‌ಗೇಟ್ (ಒತ್ತಡ ಮಿತಿ ಮೀರಿದಾಗ ಹೊಗೆಯನ್ನು ಪಕ್ಕಕ್ಕೆ ಬಿಡುವ ಸಣ್ಣ ಬಾಗಿಲು) ಸುತ್ತ ಬಿರುಕಿದೆಯೇ, ಆಯಿಲ್ ಹೋಗುವ ತೂತಿನಲ್ಲಿ ಕರಿ ಕಟ್ಟಿದೆಯೇ ನೋಡಿ. ಅಳತೆಯ ಮಟ್ಟಿಗೆ ನಿಮ್ಮ ಆಯ್ಕೆ ಸರಿ: ಬೊಲೆರೊದ 2523 ಸಿಸಿಗೆ ಮಾಡಿದ ವೇಸ್ಟ್‌ಗೇಟ್ ಟರ್ಬೊ ಇದಕ್ಕೆ ನಡೆಯುತ್ತದೆ. ಸ್ಕಾರ್ಪಿಯೊದ ಎಂಹಾಕ್ ಎಂಜಿನ್ನಿನ ವಿಜಿಟಿ, ಅಂದರೆ ಒಳರೆಕ್ಕೆಗಳ ಕೋನ ಬದಲಾಗುವ ಟರ್ಬೊ, ಬೇಡ, ಅದರ ಒಳರೆಕ್ಕೆಗಳನ್ನು ತಿರುಗಿಸಲು ನಿಮ್ಮಲ್ಲಿ ಏನೂ ಇಲ್ಲ.

ಆಯಿಲಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಗ್ಯಾರೇಜುಗಳಲ್ಲಿ ಇದನ್ನು ಸರಿಯಾಗಿ ಮಾಡಿದವರನ್ನು ನಾನು ಕಂಡಿದ್ದು ಕಡಿಮೆ. ಆಯಿಲ್ ಕೊಡುವುದು ಸುಲಭ: ಪ್ರೆಶರ್ ಸ್ವಿಚ್ ಇರುವಲ್ಲಿ ಟಿ ಜಾಯಿಂಟ್ ಹಾಕಿ ಸಣ್ಣ ಪೈಪು ಎಳೆದರಾಯಿತು. ಕಷ್ಟ ಇರುವುದು ವಾಪಸ್ ಬರುವ ದಾರಿಯಲ್ಲಿ. ಟರ್ಬೊ ಒಳಗಿನ ಸೀಲು ನಾವಂದುಕೊಂಡಂತೆ ರಬ್ಬರಿನದಲ್ಲ, ಪಿಸ್ಟನ್ ರಿಂಗಿನಂಥ ತೆಳು ಕಬ್ಬಿಣದ ಬಳೆ. ಆಯಿಲ್ ಒಳಗೆ ನಿಂತರೆ ಅದು ತಡೆಯುವುದಿಲ್ಲ. ಬೇರಿಂಗ್ ದಾಟಿದ ಆಯಿಲ್ ನೊರೆಯಾಗಿ, ಒತ್ತಡವಿಲ್ಲದೆ, ಬರೀ ತನ್ನ ಭಾರಕ್ಕೆ ಕೆಳಗಿಳಿಯಬೇಕು. ಅದಕ್ಕೇ ವಾಪಸ್ ಪೈಪು ಹೆಬ್ಬೆರಳಷ್ಟು ದಪ್ಪ ಇರಬೇಕು, ಉದ್ದಕ್ಕೂ ಇಳಿಜಾರಾಗಿರಬೇಕು, ಸಂಪಿನಲ್ಲಿ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ನನ್ನ ಜೀಪಿಗೆ ಹಾಕಿದವರು ಚಾಸಿಗೆ ತಾಗುತ್ತದೆ ಅಂತ ಪೈಪನ್ನು ಒಂದು ಕಡೆ ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲೆತ್ತಿ ಸೇರಿಸಿದ್ದರು. ಒಂದೇ ವಾರಕ್ಕೆ ನೀಲಿ ಹೊಗೆ. ಸೀಲು ಹೋಗಿದೆ ಅಂದರು, ಕಿಟ್ ಹಾಕಿಸಿದೆ, ಮತ್ತೆ ಅದೇ ಹೊಗೆ. ಕೊನೆಗೆ ಸಂಪು ಬಿಚ್ಚಿಸಿ ಮೇಲ್ಗಡೆ ಹೊಸ ತೂತು ಮಾಡಿ, ಅಲ್ಲಿಗೆ ನೇರ ಪೈಪು ಬೆಸುಗೆ ಹಾಕಿಸಿದ ಮೇಲೆ ನಿಂತಿತು. ಅಷ್ಟರಲ್ಲಿ ಶಾಫ್ಟ್ ಕೆಟ್ಟು ಬೇರೆ ಟರ್ಬೊ ತರಬೇಕಾಯಿತು. ಎಂಜಿನ್ನಿನಲ್ಲಿ ಬ್ಯಾಕ್ ಕಂಪ್ರೆಶನ್ ಇದ್ದರೂ ಹೀಗೇ ಆಗುತ್ತದೆ, ಸಂಪಿನ ಒತ್ತಡವೇ ಇಳಿಯುವ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ.

ಇದು ಬರೀ ಹೊಗೆಯ ಪ್ರಶ್ನೆಯಲ್ಲ. ಸೋರಿದ ಆಯಿಲ್ ಇನ್‌ಟೇಕಿಗೆ ಸೇರಿದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ಏರುತ್ತಾ ಹೋಗಬಹುದು. ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಟಾಪ್ ಗೇರಿಗೆ ಹಾಕಿ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡಬೇಕು, ಇಲ್ಲವೇ ಗಾಳಿ ಹೋಗುವ ಬಾಯನ್ನು ಹಲಗೆಯಿಂದ ಮುಚ್ಚಬೇಕು. ಕೈ ಮಾತ್ರ ಇಡಬೇಡಿ. ಜೀಪು ಓಡಿಸುವ ಎಲ್ಲರಿಗೂ ಇದನ್ನು ಹೇಳಿಕೊಡಿ.

ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಅರ್ಧ ಬಾರ್ ಸಾಕು, ಸುಮಾರು 7 ಪಿಎಸ್‌ಐ. ಗಾಳಿ ಹೆಚ್ಚಾದ ಮಾತ್ರಕ್ಕೆ ಶಕ್ತಿ ಬರುವುದಿಲ್ಲ, ಅದಕ್ಕೆ ತಕ್ಕ ಡೀಸೆಲ್ ಬೇಕು. ಪಂಪಿನ ಸ್ಕ್ರೂವನ್ನು ಅಂದಾಜಿನ ಮೇಲೆ ತಿರುಗಿಸಲು ಯಾರಿಗೂ ಬಿಡಬೇಡಿ. ಡೀಸೆಲ್ ಜಾಸ್ತಿಯಾದಂತೆ ಶಾಖ ಏರುತ್ತದೆ, ಕಪ್ಪು ಹೊಗೆ ಅದರ ಗುರುತು. ಮ್ಯಾನಿಫೋಲ್ಡಿನಲ್ಲಿ ಟರ್ಬೊಗಿಂತ ಮೊದಲು ತೂತು ಮಾಡಿಸಿ ಶಾಖದ ಮೀಟರ್ ಹಾಕಿಸಿ. ಘಾಟಿಯಲ್ಲಿ ಮುಳ್ಳು 650 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾನು ಕಾಲು ತೆಗೆದು ಗೇರ್ ಇಳಿಸುತ್ತೇನೆ. ಬೂಸ್ಟ್ ಮೀಟರ್ ಇಲ್ಲದಿದ್ದರೂ ನಡೆದೀತು, ಇದು ಇಲ್ಲದೆ ನಡೆಯದು.

ನಿಮ್ಮ ಸೋಮವಾರಪೇಟೆಯಂಥ ಎತ್ತರದಲ್ಲಿ ಲಾಭ ನಿಜಕ್ಕೂ ಕಾಣುತ್ತದೆ. ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇ. 10 ಕಡಿಮೆ, ಟರ್ಬೊ ಅದನ್ನು ತುಂಬಿಕೊಟ್ಟು ಮೇಲಷ್ಟು ಕೊಡುತ್ತದೆ. ಮೊದಲು ಸೆಕೆಂಡ್ ಗೇರಿನಲ್ಲಿ ಏರುತ್ತಿದ್ದ ತಿರುವನ್ನು ನಾನೀಗ ಥರ್ಡ್‌ನಲ್ಲಿ ಏರುತ್ತೇನೆ. ಆದರೆ ತೀರಾ ಕೆಳಗಿನ ಆರ್‌ಪಿಎಂನಲ್ಲಿ, ಫೋರ್ ಲೋನಲ್ಲಿ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿನಲ್ಲಿ) ಕೆಸರಲ್ಲಿ ತೆವಳುವಾಗ, ಟರ್ಬೊ ಇನ್ನೂ ಎದ್ದಿರುವುದಿಲ್ಲ, ಅಲ್ಲಿ ವ್ಯತ್ಯಾಸ ಏನೂ ಇಲ್ಲ. ಕ್ಲಚ್ ಪ್ಲೇಟು, ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮೊದಲಿಗಿಂತ ಬೇಗ ಸವೆಯುತ್ತವೆ. ಗಾಳಿಗೆ ಆಯಿಲ್ ಬಾತ್ ಫಿಲ್ಟರ್ (ಆಯಿಲಿನಲ್ಲಿ ಧೂಳು ಹಿಡಿಯುವಂಥದ್ದು) ಇದ್ದರೆ ತೆಗೆಸಿ ಪೇಪರ್ ಫಿಲ್ಟರ್ ಹಾಕಿಸಿ. ಘಾಟಿ ಏರಿ ಬಂದ ಮೇಲೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡಿ.

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ. ಜೀಪು ತೋಟ ಬಿಟ್ಟು ರಸ್ತೆಗೂ ಬರುತ್ತದಾದರೆ ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒದಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ.

ಕಂಪ್ರೆಶನ್ ನೋಡಿಸಿದ ಮೇಲೆ ನಾಲ್ಕೂ ಸಿಲಿಂಡರಿನ ಅಂಕಿ ಇಲ್ಲಿ ಬರೆಯಿರಿ. ವಾಪಸ್ ಪೈಪು ನಿಮ್ಮ ಸಂಪಿನಲ್ಲಿ ಎಲ್ಲಿ ಸೇರಬೇಕು ಅನ್ನುವುದಕ್ಕೆ ನನ್ನ ಜೀಪಿನ ಅಳತೆ ತೆಗೆದು ಕೊಡುತ್ತೇನೆ.