ನನ್ನ ಕಲಿಕೆಯ ಪಟ್ಟಿ ಮಕ್ಕಳ ನೋಟ್‌ಬುಕ್‌ನಲ್ಲಿತ್ತು

ಹೊಸದಾಗಿ ಸರ್ಕಾರಿ ಶಾಲೆಗೆ ಸೇರಿದ್ದೇನೆ, ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಆಗಬೇಕು ಅಂತಾರೆ, ಏನು ಕಲಿಯಬೇಕು ಅಂತ ಆರಿಸಿಕೊಳ್ಳೋದು ಹೇಗೆ ಎಂದು ಕೇಳಿದ್ದೀರಿ.

ಆ 50 ಗಂಟೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬಂದದ್ದು. ಶಿಕ್ಷಕರ ಸ್ವಂತ ಆಸಕ್ತಿಯಂತೆ ಅದು ನಡೆಯಬೇಕು ಅಂತಲೂ ಅಲ್ಲೇ ಇದೆ. ನಮ್ಮ ಕಿವಿಗೆ ಬೀಳೋದು ಗಂಟೆಯ ಲೆಕ್ಕ ಮಾತ್ರ. ನಾನೂ ಮೊದಮೊದಲು ಗಂಟೆ ತುಂಬಿಸಿದವಳೇ. ಕೊರೋನಾ ಕಾಲದಲ್ಲಿ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸುಗಳು ಬಂದಾಗ ಫೋನಿನಲ್ಲಿ ವಿಡಿಯೋ ಓಡುತ್ತಿತ್ತು, ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದೆ. ಪ್ರಮಾಣಪತ್ರಗಳೇನೋ ರಾಶಿ ಬಿದ್ದವು. ತಪ್ಪು ಕೋರ್ಸಿನದಲ್ಲ, ಯಾವ ಪ್ರಶ್ನೆಯೂ ಇಲ್ಲದೆ ಹೋಗಿ ಕೂತ ನನ್ನದು.

ಪ್ರಶ್ನೆ ಸಿಕ್ಕಿದ್ದು ಐದನೇ ತರಗತಿಯ ನೋಟ್‌ಬುಕ್ ತಿದ್ದುವಾಗ. 408 ÷ 4 ಕೊಟ್ಟಿದ್ದೆ. 31 ಮಕ್ಕಳಲ್ಲಿ 17 ಮಂದಿ 102ರ ಬದಲು 12 ಅಂತ ಬರೆದಿದ್ದರು. ಒಬ್ಬಿಬ್ಬರಾದರೆ ಅಜಾಗರೂಕತೆ ಅನ್ನಬಹುದು, 17 ಮಂದಿಗೆ ಒಂದೇ ಉತ್ತರ ಬಂದರೆ ಅದನ್ನು ಯಾರೋ ಕಲಿಸಿರಲೇಬೇಕು. ಒಬ್ಬಳನ್ನು ಕರೆದು ಜೋರಾಗಿ ಹೇಳುತ್ತಾ ಮಾಡು ಅಂದೆ. “ಸೊನ್ನೆ ಹೋಗಲ್ಲ ಮಿಸ್, ಹೋಗದಿದ್ರೆ ಮುಂದಿನ ಅಂಕಿ ಇಳಿಸ್ಕೋಬೇಕು” ಅಂದಳು. ಅಕ್ಷರಕ್ಕೆ ಅಕ್ಷರ ನನ್ನದೇ ಮಾತು! ಭಾಗಲಬ್ಧದಲ್ಲಿ ಸೊನ್ನೆ ಇಟ್ಟು ಇಳಿಸಬೇಕು ಅನ್ನೋದನ್ನು ನಾನು ಹೇಳಿರಲೇ ಇಲ್ಲ.

‘ಗಣಿತ ಬೋಧನೆ ಉತ್ತಮಪಡಿಸಿಕೊಳ್ಳುವುದು’ ಅಂತ ಬರೆದಿಟ್ಟರೆ ಅದು ಮೇಲಿನವರಿಗೆ ಕಳಿಸುವ ವರದಿಗೆ ಚೆನ್ನ. ನಾನು ಬರೆದುಕೊಂಡದ್ದು ಇಷ್ಟು: ‘ದಸರಾ ರಜೆಯೊಳಗೆ, ಸ್ಥಾನಬೆಲೆ ತಪ್ಪದ ಹಾಗೆ ಭಾಗಾಕಾರ ಹೇಳಿಕೊಡೋದನ್ನು ಕಲಿಯಬೇಕು.’ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ, ಸಮಾಲೋಚನಾ ಸಭೆಯಲ್ಲಿ ಪಕ್ಕದ ಊರಿನ ಹಿರಿಯ ಮೇಷ್ಟ್ರಿಗೆ ಇದನ್ನು ತೋರಿಸಿದೆ. ಅವರು ನೋಟು ಹಂಚಿಸಿ ನೋಡಿ ಅಂದರು. ಕಾಗದದ ನೂರರ ನೋಟು ನಾಲ್ಕು, ಒಂದು ರೂಪಾಯಿಯ ಎಂಟು ಬಿಲ್ಲೆ, ಹಂಚಿಕೊಳ್ಳೋಕೆ ನಾಲ್ಕು ಮಕ್ಕಳು. “ಹನ್ನೆರಡೇ ರೂಪಾಯಿ ಅಂದ್ರೆ ನೂರರ ನೋಟು ಯಾರ್ ತಗೊಂಡ್ರು ಮಿಸ್?” ಅಂತ ಹಿಂದಿನ ಸಾಲಿನ ಹುಡುಗ ಕೇಳಿದ. ಯಾವ ತರಬೇತಿಯಲ್ಲೂ ನನಗೆ ಅಷ್ಟು ಒಳ್ಳೆಯ ಪ್ರಶ್ನೆ ಸಿಕ್ಕಿರಲಿಲ್ಲ.

ಇನ್ನೊಂದು ಗುರಿ ಹುಟ್ಟಿದ್ದು ನನ್ನದೇ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ. ಪ್ರಶ್ನೆ ಕೇಳಿ ಒಂದು ಸೆಕೆಂಡೂ ಕಾಯದೆ ಉತ್ತರ ನಾನೇ ಹೇಳಿಬಿಡುತ್ತಿದ್ದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಿ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ತೋರಿಸಿದ್ದರು. ತರಗತಿಯಲ್ಲಿ ಮೂರು ಸೆಕೆಂಡು ಎಷ್ಟು ದೀರ್ಘ ಅನ್ನೋದು ನಿಂತು ನೋಡಿದವರಿಗೇ ಗೊತ್ತು. ನಾನು ಬೆನ್ನ ಹಿಂದೆ ಬೆರಳು ಎಣಿಸುತ್ತಿದ್ದೆ.

ವ್ಯವಸ್ಥೆ ಅಂತ ದೊಡ್ಡದೇನಿಲ್ಲ. ಒಂದು ಲಾಂಗ್ ನೋಟ್‌ಬುಕ್ ಇದೆ. ಎಡಪುಟದಲ್ಲಿ ಮಗುವಿನ ತಪ್ಪು ಇದ್ದಹಾಗೇ, ಬಲಪುಟದಲ್ಲಿ ಅದಕ್ಕೆ ನಾನೇನು ಮಾಡಿದೆ ಅಂತ ದಿನಾಂಕ ಹಾಕಿ ಬರೆಯುತ್ತೇನೆ. ವರ್ಷಕ್ಕೆ ಎರಡೇ ಗುರಿ: ಜೂನ್‌ನಿಂದ ದಸರಾವರೆಗೆ ಒಂದು, ಆಮೇಲೆ ಜನವರಿವರೆಗೆ ಇನ್ನೊಂದು. ಫೆಬ್ರವರಿ, ಮಾರ್ಚ್‌ನಲ್ಲಿ ಹೊಸದೇನೂ ಹಚ್ಚಿಕೊಳ್ಳಬೇಡಿ, ಪರೀಕ್ಷೆಯ ಗಡಿಬಿಡಿಯಲ್ಲಿ ಆಗಲ್ಲ. ಕಡ್ಡಾಯ ತರಬೇತಿಗೆ ಹೋಗಿ ಬನ್ನಿ, ಗಂಟೆ ಲೆಕ್ಕಕ್ಕೆ ಆಗುತ್ತದೆ. ಆದರೆ ನಿಮ್ಮ ಪ್ರಶ್ನೆ ಜೇಬಿನಲ್ಲಿರಲಿ, ಊಟದ ಬಿಡುವಿನಲ್ಲಾದರೂ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಯನ್ನು ಹಿಡಿದು ಕೇಳಿ.

ರಜೆ ಮುಗಿದ ಮೇಲೆ 515 ÷ 5 ಕೊಟ್ಟೆ. ನಾಲ್ವರು ಆಗಲೂ 13 ಬರೆದಿದ್ದರು. ಯಾಕೆ ಅಂತ ಕೇಳಿದರೆ ಒಬ್ಬ, “ಸೊನ್ನೆ ಅಂದ್ರೆ ಏನೂ ಇಲ್ಲ ತಾನೇ ಮಿಸ್, ಇಲ್ದಿರೋದನ್ನ ಯಾಕೆ ಬರೀಬೇಕು?” ಅಂದ. ಎಡಪುಟದಲ್ಲಿ ಅದನ್ನೇ ಬರೆದುಕೊಂಡೆ.